ಎರಡು ಎಕರೆ, ಒಂದು ಹಳೇ ಕೊಟ್ಟಿಗೆ: ಹಸುವೋ, ಆಡೋ, ಕೋಳಿಯೋ, ಹಂದಿಯೋ?

ವಾಪಸ್ ಬಂದವ:
ಎಲ್ಲರಿಗೂ ನಮಸ್ಕಾರ. ಹದಿನಾಲ್ಕು ವರ್ಷ ಬೆಂಗಳೂರಲ್ಲಿ ಇದ್ದು ಕಳೆದ ವರ್ಷ ಊರಿಗೆ ಬಂದೆ. ಕೊಡಗಿನ ಮೂರ್ನಾಡು ಹತ್ತಿರ ಎರಡು ಎಕರೆ. ಒಂದೂವರೆ ಎಕರೆ ರೊಬಸ್ಟಾ, ಉಳಿದದ್ದು ಬಾಣೆ (ದನ ಮೇಯುವ ಗುಡ್ಡದ ಜಾಗ), ಈಗ ಬರೀ ಕಳೆ. ಮನೆ ಹಿಂದೆ ಅಜ್ಜನ ಕಾಲದ ಕೊಟ್ಟಿಗೆ ಇದೆ. ಒಂದು ಕಡೆ ಹೆಂಚು ಕುಸಿದಿದೆ, ಗೋಡೆ ಮಾತ್ರ ಗಟ್ಟಿ. ಮನೆಯಲ್ಲಿ ಅಮ್ಮ (68), ನಾನು, ಹೆಂಡತಿ (ಮಡಿಕೇರಿಯಲ್ಲಿ ಕೆಲಸ, ಬೆಳಿಗ್ಗೆ 8ರ ಬಸ್ಸು), ನಾಲ್ಕನೇ ಕ್ಲಾಸಿನ ಮಗಳು.

ಕಾಫಿ ಕೊಯ್ಲು ಮುಗಿಯಿತು. ಒಂದು ಲಕ್ಷ ರೂಪಾಯಿ ಪಕ್ಕಕ್ಕೆ ಎತ್ತಿಟ್ಟಿದ್ದೇನೆ. ಏನಾದರೂ ಸಾಕಬೇಕು ಅಂತ ಆಸೆ. ಮನೆಗೆ ಹಾಲು, ಮೊಟ್ಟೆ, ತೋಟಕ್ಕೆ ಗೊಬ್ಬರ, ಉಳಿದರೆ ಸ್ವಲ್ಪ ಕಾಸು. ಯೂಟ್ಯೂಬ್ ನೋಡಿ ನೋಡಿ ತಲೆ ಕೆಟ್ಟಿದೆ. ಒಬ್ಬ ಇಪ್ಪತ್ತು ಆಡು ಸಾಕಿ ಕಾರು ತಗೊಂಡೆ ಅಂತಾನೆ, ಇನ್ನೊಬ್ಬ ಮೊಲ ಅಂತಾನೆ. ನನಗೆ ದೊಡ್ಡ ಬಿಸಿನೆಸ್ ಬೇಡ, ಸರಳವಾಗಿ ಬದುಕಬೇಕು ಅಷ್ಟೆ. ಯಾವುದರಿಂದ ಶುರು ಮಾಡಲಿ? ಮಳೆಗೆ ಇನ್ನು ಮೂರು ತಿಂಗಳು ಇದೆ.

ಸಂತೆ ಚೀಲ:
ಕೋಳಿ. ಮುಂದಿನ ಪ್ರಶ್ನೆ?

ಕುಶಾಲನಗರ ಬಿಸಿಲು:
ಆಡು ತಗೊಳ್ಳಿ, ಕಣ್ಣು ಮುಚ್ಚಿ ತಗೊಳ್ಳಿ. ನಾನು ನಾಲ್ಕರಿಂದ ಶುರು ಮಾಡಿದೆ, ಈಗ ಹತ್ತೊಂಬತ್ತು. ಐದು ತಿಂಗಳಿಗೆ ಮರಿ, ಎಷ್ಟೋ ಸಲ ಎರಡೆರಡು. ಹಲಸಿನ ಸೊಪ್ಪು, ಹಾಲವಾಣದ ಸೊಪ್ಪು ತೋಟದಲ್ಲೇ ಇರುತ್ತೆ. ನೆರಳಿನ ಮರ ಕಪಾತು ಮಾಡಿದಾಗ ಸೊಪ್ಪೆಲ್ಲ ಅದಕ್ಕೇ. ಖರ್ಚೇ ಇಲ್ಲ.

ಕಕ್ಕಡ ಮಳೆ:
ನೀವು ಕುಶಾಲನಗರದಲ್ಲಿ ಕೂತು ಮೂರ್ನಾಡಿಗೆ ಆಡು ಹೇಳಬೇಡಿ ಮಾರಾಯ್ರೆ. ನಿಮ್ಮದು ಹೆಸರಿಗೆ ಕೊಡಗು, ಮಳೆಯಲ್ಲಿ ಪಿರಿಯಾಪಟ್ಟಣ.

ನಾನು ಚೇರಂಬಾಣೆ ಕಡೆಯವ. ಮೂರು ವರ್ಷದ ಹಿಂದೆ ಏಪ್ರಿಲ್‌ನಲ್ಲಿ ಎಂಟು ಆಡು ತಂದೆ. ಮೇ ತಿಂಗಳು ಸ್ವರ್ಗ. ಜೂನ್‌ನಲ್ಲಿ ಕೆಮ್ಮು ಶುರು. ಕಕ್ಕಡ ತಿಂಗಳಲ್ಲಿ (ಜುಲೈ-ಆಗಸ್ಟ್) ಹನ್ನೊಂದು ದಿನ ಮಳೆ ನಿಲ್ಲಲೇ ಇಲ್ಲ. ಮಣ್ಣಿನ ನೆಲದ ಕೊಟ್ಟಿಗೆ, ಕೆಳಗೆಲ್ಲ ಪಿಚಪಿಚ. ಒಂದು ದಿನ ದೊಡ್ಡ ಆಡು ಮೊಣಕಾಲೂರಿ ಸೊಪ್ಪು ತಿನ್ನುತ್ತಿತ್ತು. ಎಂತ ಚಂದ ಅಂತ ಮಗ ಫೋಟೋ ತೆಗೆದ. ಗೊರಸು ಎತ್ತಿ ಬಿಡಿಸಿ ನೋಡಿದರೆ ಸಂದು ಪೂರ್ತಿ ಕೊಳೆತಿದೆ, ಆ ವಾಸನೆ ಸೋಪು ಹಾಕಿ ತೊಳೆದರೂ ಎರಡು ದಿನ ಕೈಯಿಂದ ಹೋಗಲಿಲ್ಲ. ನಿಲ್ಲಲಾಗದೆ ಮೊಣಕಾಲೂರಿತ್ತು ಪಾಪ. ಎಂಟರಲ್ಲಿ ಮೂರು ಉಳಿಯಿತು. ಅದನ್ನೂ ಹುತ್ತರಿ ಹಬ್ಬಕ್ಕೆ ಮೊದಲೇ ಕೊಟ್ಟುಬಿಟ್ಟೆ.

ಕುಶಾಲನಗರ ಬಿಸಿಲು:
ತಪ್ಪು ಆಡಿನದ್ದಲ್ಲ, ನೆಲದ್ದು. ಅಟ್ಟಣಿಗೆ ಮಾಡಬೇಕಿತ್ತು.

ಕಕ್ಕಡ ಮಳೆ:
ಅಟ್ಟಣಿಗೆ ಮಾಡೋಕೆ ಎಷ್ಟಾಗುತ್ತೆ ಅಂತಲೂ ಹೇಳಿ. ಖರ್ಚೇ ಇಲ್ಲ ಅಂದಿರಲ್ಲ ಮೇಲೆ!

ಹಳೇ ಡಾಕ್ಟ್ರು:
ಪಶುವೈದ್ಯನಾಗಿ ಕೆಲಸ ಮಾಡಿ ನಿವೃತ್ತನಾದವನು ನಾನು. ಇಬ್ಬರೂ ಸರಿಯೇ ಹೇಳಿದ್ದೀರಿ. ಭಾಗಮಂಡಲದಲ್ಲಿ ಬೀಳುವ ಮಳೆಯ ಕಾಲು ಭಾಗವೂ ಕುಶಾಲನಗರದಲ್ಲಿ ಬೀಳುವುದಿಲ್ಲ. ಒಂದೇ ಜಿಲ್ಲೆ ಅಂತ ಒಂದೇ ಸಲಹೆ ಕೊಡಲು ಆಗುವುದಿಲ್ಲ.

ಮಳೆ ಜಾಸ್ತಿ ಇರುವ ಕಡೆ ಆಡು ಸಾಕಲೇಬೇಕು ಅಂದರೆ ನೆಲದಿಂದ ಮೂರು ನಾಲ್ಕು ಅಡಿ ಎತ್ತರದಲ್ಲಿ ಹಲಗೆ ಹಾಕಿ. ಹಲಗೆ ನಡುವೆ ಅರ್ಧ ಇಂಚು ಸಂದು. ಹಿಕ್ಕೆ, ಗಂಜಲ ಕೆಳಗೆ ಬೀಳಬೇಕು, ಮರಿಯ ಕಾಲು ಸಿಕ್ಕಬಾರದು. ಒಂದು ಆಡಿಗೆ ಹತ್ತು ಹನ್ನೆರಡು ಚದರ ಅಡಿ. ಪಿಪಿಆರ್ (ಆಡು-ಕುರಿಗೆ ಬರುವ ಪ್ಲೇಗ್) ಲಸಿಕೆ, ಮಳೆಗೆ ಮೊದಲು ಕರುಳುಬೇನೆ ಲಸಿಕೆ, ಮಳೆಗೆ ಮುಂಚೆ ಒಂದು ಸಲ, ಆದ ಮೇಲೆ ಒಂದು ಸಲ ಜಂತುಹುಳದ ಔಷಧಿ. ಮುಖ್ಯವಾಗಿ, ಮಳೆಗೆ ಎರಡು ತಿಂಗಳು ಇರುವಾಗ ಹೊಸ ಆಡು ತರಬೇಡಿ. ಬಯಲುಸೀಮೆ ಸಂತೆಯಿಂದ ಬಂದ ಆಡು ನಮ್ಮ ಥಂಡಿಗೆ ಒಗ್ಗುವುದರೊಳಗೆ ಸತ್ತಿರುತ್ತದೆ. ಕೈಲ್‌ಪೊಳ್ದ್ ಹಬ್ಬ ಕಳೆದ ಮೇಲೆ, ಸೆಪ್ಟೆಂಬರ್ ಕೊನೆಗೆ ತನ್ನಿ. ಒಂದು ಬೇಸಿಗೆ ಪೂರ್ತಿ ಸಿಗುತ್ತದೆ.

ಇನ್ನೊಂದು. ಆಡು ಕಾಫಿ ಸಸಿಯನ್ನೂ ಬಿಡದು, ಮೆಣಸಿನ ಬಳ್ಳಿಯನ್ನೂ ಬಿಡದು. ಹಗ್ಗ ಬಿಚ್ಚಿಕೊಂಡ ಹತ್ತು ನಿಮಿಷ ಸಾಕು.

ನಾಪೋಕ್ಲು ಅಕ್ಕ:
ಎಲ್ಲರೂ ಆಡಿನ ಕಾಲು ನೋಡುತ್ತಿದ್ದೀರಿ. ನನ್ನದು ಬೇರೆ ಪ್ರಶ್ನೆ. ವಾಪಸ್ ಬಂದ ತಮ್ಮಾ, ಹಾಲು ಬೇಕು ಅಂದೆಯಲ್ಲ, ಕರೆಯೋದು ಯಾರು?

ವಾಪಸ್ ಬಂದವ:
ನಾನೇ ಅಕ್ಕ. ಕಲಿತುಕೊಳ್ತೇನೆ. ಅಮ್ಮನಿಗೆ ಹೇಗೂ ಬರುತ್ತೆ.

ನಾಪೋಕ್ಲು ಅಕ್ಕ:
"ಅಮ್ಮನಿಗೆ ಹೇಗೂ ಬರುತ್ತೆ." ಆಯಿತು, ಗೊತ್ತಾಯಿತು.

ನನ್ನ ಹತ್ತಿರ ಒಂದು ಜರ್ಸಿ ಕ್ರಾಸ್ ಇದೆ, ಎರಡನೇ ಕರು. ಈಗ ದಿನಕ್ಕೆ ಎಂಟು ಲೀಟರ್. ಲೆಕ್ಕ ಕೇಳು. ಅದರ ಮೈಗೆ ಒಂದೂವರೆ ಕೇಜಿ ಹಿಂಡಿ, ಹಾಲಿಗೆ ಎರಡೂವರೆ ಲೀಟರಿಗೆ ಒಂದು ಕೇಜಿಯಂತೆ ಮೂರು ಚಿಲ್ಲರೆ. ನಾಲ್ಕೂವರೆ ಕೇಜಿ ಮೇಲಾಯಿತು. ಹಸಿ ಹುಲ್ಲು ಇಪ್ಪತ್ತೈದು ಕೇಜಿ, ಅಂದರೆ ದೊಡ್ಡ ಎರಡು ಹೊರೆ. ಒಣಹುಲ್ಲು ಐದು ಕೇಜಿ. ಮೊದಲು ನಮ್ಮದೇ ಗದ್ದೆ ಹುಲ್ಲು ಇತ್ತು. ಈಗ ಸುತ್ತ ಗದ್ದೆ ಎಲ್ಲ ಪಾಳು, ಪಿರಿಯಾಪಟ್ಟಣ ಕಡೆಯಿಂದ ಲಾರಿ ಬರಬೇಕು. ಮಳೆಯಲ್ಲಿ ಹುಲ್ಲು ಒದ್ದೆ ಆಯಿತೋ ಬೂಷ್ಟು, ದನ ಮೂಸಿ ನೋಡಲ್ಲ.

ದುಡ್ಡಿನ ಲೆಕ್ಕ ಆದರೂ ಇರಲಿ. ನನ್ನ ತಂಗಿ ಮಗಳ ಮದುವೆ ಮಂಗಳೂರಲ್ಲಿ. ಬೆಳಿಗ್ಗೆ ನಾಲ್ಕಕ್ಕೆ ಕರೆದು ಹೊರಟೆ. ಧಾರೆ ನೋಡಿದೆ. ಊಟಕ್ಕೆ ಕೂರಲಿಲ್ಲ. ಪಾಯಸವನ್ನು ತೂಕುಪಾತ್ರೆಯಲ್ಲಿ ಹಾಕಿಸಿಕೊಂಡು ಬಸ್ಸು ಹತ್ತಿದೆ. ಸಂಪಾಜೆ ಘಾಟಿಯ ತಿರುವಲ್ಲಿ ಅರ್ಧ ಪಾಯಸ ಸೀರೆ ಮೇಲೆ. ಮನೆಗೆ ಬಂದಾಗ ಏಳೂವರೆ, ಹಸು ಕೂಗಿ ಕೂಗಿ ಗಂಟಲು ಕಟ್ಟಿಕೊಂಡಿತ್ತು. ಗಂಡ ಪಕ್ಕದಲ್ಲೇ ಕುರ್ಚಿ ಹಾಕಿ ಕೂತಿದ್ದರು. "ಅದು ನನ್ನ ಕೈಗೆ ಹಾಲು ಬಿಡಲ್ಲ" ಅಂದರು. ಹನ್ನೊಂದು ವರ್ಷದಿಂದ ಇದೇ ಮಾತು.

ಸಂತೆ ಚೀಲ:
ನಮ್ಮ ಮನೆಯಲ್ಲೂ ಇದೇ ಹಸು ಇದೆ, ಇದೇ ಕುರ್ಚಿಯೂ ಇದೆ 😄

ಬೆಟ್ಟದ ಗಿಡ್ಡ:
ಜರ್ಸಿ ತಂದರೆ ಹೀಗೇ. ಮಲೆನಾಡು ಗಿಡ್ಡ ತನ್ನಿ ಸಾರ್. ನಮ್ಮ ಮಳೆಗೆ ಹುಟ್ಟಿದ ತಳಿ. ಗೊರಸು ಗಟ್ಟಿ, ಕಾಯಿಲೆ ಕಮ್ಮಿ, ಹಿಂಡಿ ಹೆಚ್ಚು ಕೇಳಲ್ಲ, ಬಾಣೆಯಲ್ಲಿ ಮೇದುಕೊಂಡು ತಾನೇ ಮನೆಗೆ ಬರುತ್ತೆ. ಹಾಲಿನ ರುಚಿಯೇ ಬೇರೆ.

ಗೋಣಿಕೊಪ್ಪ ಸ್ಟ್ಯಾಂಡು:
ರುಚಿ ನೋಡೋಕೆ ಹಾಲು ಬೇಕಲ್ಲ. ಒಂದೂವರೆ ಲೀಟರ್ ಕೊಟ್ಟರೆ ಕರುವಿಗೆ ಬಿಟ್ಟು ನಮಗೆ ಎಷ್ಟು? ಬೆಕ್ಕಿಗೂ ಸಾಲದು.

ಬೆಟ್ಟದ ಗಿಡ್ಡ:
ನಾಲ್ಕು ಜನರ ಮನೆಗೆ ಒಂದು ಲೀಟರ್ ಸಾಲದಾ? ಅವರು ಡೈರಿ ಇಡೋಕೆ ಕೇಳಿದ್ದಾರಾ? ಪೋಸ್ಟ್ ಓದಿ ಮೊದಲು.

ಗೋಣಿಕೊಪ್ಪ ಸ್ಟ್ಯಾಂಡು:
ಓದಿದೆ. "ಬಾಣೆಯಲ್ಲಿ ಮೇದುಕೊಂಡು ತಾನೇ ಬರುತ್ತೆ" ಅಂತ ಬರೆದಿದ್ದೀರಿ, ಅದನ್ನೂ ಓದಿದೆ. ನಾಗರಹೊಳೆ ಅಂಚಿನ ನಮ್ಮ ಕಡೆ ಬನ್ನಿ. ಹಸು ಬರಲ್ಲ, ಹುಲಿ ಬರುತ್ತೆ. ನಮ್ಮ ಪಕ್ಕದ ತೋಟದಲ್ಲಿ ಹಗಲು ಹೊತ್ತೇ ಹಿಡಿಯಿತು. ದನ ಬಿಟ್ಟು ಮೇಯಿಸೋ ಕಾಲ ಮುಗಿಯಿತು.

ಕಕ್ಕಡ ಮಳೆ:
ಗಿಡ್ಡ ಹಸುವಿನ ಇನ್ನೊಂದು ವಿದ್ಯೆ ಯಾರೂ ಹೇಳಲಿಲ್ಲ. ಬೇಲಿ ಹಾರುತ್ತೆ. ಓಡಿ ಬಂದು ಹಾರಲ್ಲ, ನಿಂತಲ್ಲಿಂದಲೇ. ಪಕ್ಕದ ಮನೆಯ ಬೀನ್ಸ್ ಚಪ್ಪರ ಮುಗಿಸಿತು. ಅವರ ಜೊತೆ ಮಾತು ನಿಂತು ಎರಡು ವರ್ಷ.

ಹಳೇ ಡಾಕ್ಟ್ರು:
ಗಿಡ್ಡ ಒಂದೆರಡು ಲೀಟರ್ ಕೊಡುತ್ತದೆ, ಚೆನ್ನಾಗಿ ನೋಡಿಕೊಂಡರೆ ಮೂರು. ಬೆಳಿಗ್ಗೆ ಒಂದೇ ಹೊತ್ತು ಕರೆದು, ಸಂಜೆ ಹಾಲು ಕರುವಿಗೆ ಬಿಟ್ಟರೂ ನಡೆಯುತ್ತದೆ. ಆಗ ಸಂಜೆ ಮದುವೆಗೆ ಹೋಗಬಹುದು (ನಾಪೋಕ್ಲು ಅಕ್ಕನವರ ಗಮನಕ್ಕೆ). ಕ್ರಾಸ್ ಹಸುವಿಗೆ ಉಣ್ಣಿ ಹತ್ತಿದರೆ ಜ್ವರ ಬೇಗ ಬರುತ್ತದೆ, ಕೆಚ್ಚಲು ಬಾವೂ ಜಾಸ್ತಿ. ಗದ್ದೆ ಬದುವಿನಲ್ಲಿ, ನೀರು ನಿಂತ ಜಾಗದಲ್ಲಿ ಮೇಯಿಸಿದರೆ ಯಾವ ತಳಿಗೂ ಪಿತ್ತಜನಕಾಂಗದ (ಲಿವರ್) ಹುಳ ಅಂಟುತ್ತದೆ. ಅಲ್ಲಿನ ಬಸವನಹುಳುವಿನಿಂದ ಬರುವಂಥದ್ದು. ಗಲ್ಲದ ಕೆಳಗೆ ಚೀಲದ ಹಾಗೆ ಊದಿದ್ದು ಕಂಡರೆ ತಡ ಮಾಡಬೇಡಿ.

ಸುಂಟಿಕೊಪ್ಪ ತಿರುವು:
ಡಾಕ್ಟ್ರೇ, ನಡುವೆ ಒಂದು ಪ್ರಶ್ನೆ. ನಮ್ಮ ಹಸುವಿನ ಮೂಗಿನಲ್ಲಿ ಜಿಗಣೆ ಹೊಕ್ಕಿದೆ ಅನಿಸುತ್ತೆ, ಒಂದೇ ಹೊಳ್ಳೆಯಿಂದ ರಕ್ತ.

ಹಳೇ ಡಾಕ್ಟ್ರು:
ಅರ್ಧ ದಿನ ನೀರು ಕೊಡಬೇಡಿ. ಆಮೇಲೆ ಅಗಲವಾದ ಪಾತ್ರೆಯಲ್ಲಿ ತಣ್ಣೀರು ತಂದು ಮೂಗಿನ ಹತ್ತಿರ ಹಿಡಿಯಿರಿ, ಕುಡಿಯಲು ಬಿಡಬೇಡಿ. ನೀರಿನ ತಂಪಿಗೆ ಜಿಗಣೆ ತುದಿ ಹೊರಗೆ ಹಾಕುತ್ತದೆ. ಬರಿಗೈಗೆ ಜಾರುತ್ತದೆ, ಬೆರಳಿಗೆ ಒಣ ಬಟ್ಟೆ ಸುತ್ತಿಕೊಂಡು ಹಿಡಿಯಿರಿ. ಬರದಿದ್ದರೆ ಹತ್ತಿರದ ಪಶು ಆಸ್ಪತ್ರೆಗೆ ಫೋನ್ ಮಾಡಿ. ಕಡ್ಡಿ ಹಾಕಿ ಕೆದಕಬೇಡಿ.

ಗೋಣಿಕೊಪ್ಪ ಸ್ಟ್ಯಾಂಡು:
ಗಂಡು ಕರು ಹುಟ್ಟಿದರೆ ಏನು ಮಾಡೋದು ಅಂತ ಯಾರಾದರೂ ಹೇಳಿ ನೋಡೋಣ. 2021ರಲ್ಲಿ ಗೋಹತ್ಯೆ ನಿಷೇಧ ಕಾಯ್ದೆ ಬಂದ ಮೇಲೆ ಮೊದಲಿನ ಹಾಗೆ ಮಾರೋಕೆ ಆಗಲ್ಲ. ನಮ್ಮಲ್ಲಿ ಎರಡು ಸುಮ್ನೆ ಮೇಯ್ತಾ ಇವೆ. ಇದನ್ನೆಲ್ಲ ಕೂತು ಮಾಡಿದವರು

ನಿರ್ವಾಹಕ:
ಇಲ್ಲಿಂದ ಮುಂದಿನ ಎರಡು ಪ್ಯಾರಾ ತೆಗೆದಿದ್ದೇನೆ. ದನದ ಬಗ್ಗೆ ಮಾತಾಡಿ, ಪಕ್ಷದ ಬಗ್ಗೆ ಬೇಡ.

ಹಳೇ ಡಾಕ್ಟ್ರು:
ಪ್ರಶ್ನೆ ನ್ಯಾಯವಾದದ್ದೇ. ಹೆಣ್ಣು ಕರು ಹುಟ್ಟುವಂತೆ ಬೇರ್ಪಡಿಸಿದ ವೀರ್ಯದ ಕಡ್ಡಿ (ಕೃತಕ ಗರ್ಭಧಾರಣೆಗೆ) ಈಗ ಸಿಗುತ್ತದೆ. ನೂರಕ್ಕೆ ತೊಂಬತ್ತರಷ್ಟು ಹೆಣ್ಣು. ಉಳಿದ ಹತ್ತು ನಿಮ್ಮ ಹಣೆಬರಹ.

ಪಂದಿ ಪ್ರಿಯ:
ಇಷ್ಟು ಹೊತ್ತಾಯಿತು, ಕೊಡಗಿನಲ್ಲಿ ಕೂತು ಹಂದಿ ಬಗ್ಗೆ ಒಬ್ಬರೂ ಬರೆದಿಲ್ಲ ಅಂದರೆ ನಾಚಿಕೆ ಆಗಬೇಕು. ಮೂರು ತಿಂಗಳು, ಮೂರು ವಾರ, ಮೂರು ದಿನ. ಬಾಯಿಪಾಠ ಮಾಡಿಕೊಳ್ಳಿ. ಗಬ್ಬ ಆದ 114 ದಿನಕ್ಕೆ ಎಂಟು ಹತ್ತು ಮರಿ. ಬಿಳಿ ಯಾರ್ಕ್‌ಶೈರ್ ಆದರೆ ಎಂಟು ಒಂಬತ್ತು ತಿಂಗಳಿಗೆ 80-90 ಕೇಜಿ. ಮದುವೆ, ನಾಮಕರಣ, ಕೈಲ್‌ಪೊಳ್ದ್, ಗಿರಾಕಿ ನೀವು ಹುಡುಕೋದೇ ಬೇಡ.

ಎರಡು ಮರಿ ತಂದು ಬೆಳೆಸಿ ಕೊಡಿ ಸಾಕು, ತಾಯಿ ಹಂದಿ ಇಡೋ ತಲೆನೋವು ಈಗಲೇ ಬೇಡ. ನೆಲ ಮಾತ್ರ ಕಾಂಕ್ರೀಟ್, ಇಳಿಜಾರು ಇರಲಿ. ಮಣ್ಣಿನ ನೆಲ ಆದರೆ ಒಂದು ವಾರದಲ್ಲಿ ಅಡಿಪಾಯ ಅಗೆದು ಹಾಕುತ್ತೆ.

ಕುಶಾಲನಗರ ಬಿಸಿಲು:
ಹಂದಿ ಜ್ವರ ಬಂದರೆ?

ಪಂದಿ ಪ್ರಿಯ:
ಬಂದರೆ ಮುಗಿಯಿತು, ಸುಳ್ಳು ಹೇಳಲ್ಲ. ಆಫ್ರಿಕನ್ ಹಂದಿ ಜ್ವರ 2020ರಲ್ಲಿ ಈಶಾನ್ಯ ರಾಜ್ಯಗಳಿಗೆ ಬಂತು, ಆಮೇಲೆ ಎಲ್ಲ ಕಡೆ ಹೆದರಿಕೆ. ನಾನು ಹೋಟೆಲ್ ಮುಸುರೆ ತರುತ್ತೇನೆ, ಆದರೆ ಹಂಡೆಯಲ್ಲಿ ಅರ್ಧ ಗಂಟೆ ಕುದಿಸದೆ ಒಂದು ಸೌಟೂ ಹಾಕಲ್ಲ. ಮಾಂಸದ ಚೂರು ಇದ್ದರೆ ಅದರಿಂದಲೇ ಬರೋದು. ಬೇರೆಯವರ ಹಂದಿ ನೋಡಿ ಬಂದ ಚಪ್ಪಲಿಯಲ್ಲಿ ನನ್ನ ಗೂಡಿಗೆ ಯಾರನ್ನೂ ಬಿಡಲ್ಲ, ಭಾವನನ್ನೂ ಬಿಡಲಿಲ್ಲ. ಕೋಪ ಮಾಡಿಕೊಂಡ. ಪರವಾಗಿಲ್ಲ, ಪಂದಿ ಕರಿ ಕೊಟ್ಟ ಮೇಲೆ ಸರಿಹೋದ.

ಸಂತೆ ಚೀಲ:
ಮಗಳು ನಾಲ್ಕನೇ ಕ್ಲಾಸ್ ಅಂದಿರಿ. ಒಂದು ಮಾತು. ಹೆಸರಿಡೋಕೆ ಬಿಡಬೇಡಿ. ನಮ್ಮಲ್ಲಿ ಕೈಲ್‌ಪೊಳ್ದ್‌ಗೆ ಅಂತ ಸಾಕಿದ ಹುಂಜಕ್ಕೆ ನನ್ನ ಮಗ "ಮಂಜು" ಅಂತ ಹೆಸರಿಟ್ಟ. ಹಬ್ಬದ ದಿನ ಬೆಳಿಗ್ಗೆ ಮಂಜುವನ್ನು ಕಂಬಳಿ ಸುತ್ತಿ ತನ್ನ ಮಂಚದಡಿ ಬಚ್ಚಿಟ್ಟ. ಅದು ಅಲ್ಲಿಂದಲೇ ಕೂಗಿತು. ಯಾರಿಗೂ ಕತ್ತಿ ಎತ್ತೋಕೆ ಮನಸ್ಸು ಬರಲಿಲ್ಲ, ಪೇಟೆಯಿಂದ ಬ್ರಾಯ್ಲರ್ ತಂದೆವು. ಮಂಜುಗೆ ಈಗ ಆರು ವರ್ಷ. ಸುಮ್ನೆ ತಿಂದುಕೊಂಡು ಬರೋರನ್ನೆಲ್ಲ ಕುಕ್ಕುತ್ತೆ.

ಪಂದಿ ಪ್ರಿಯ:
ನಾನಾದರೆ ಉಲ್ಟಾ ಹೇಳುತ್ತೇನೆ. ತಿನ್ನೋದು ಎಲ್ಲಿಂದ ಬಂತು ಅಂತ ಮಗುವಿಗೆ ಗೊತ್ತಿರಲಿ. ಪ್ಯಾಕೆಟ್ಟಲ್ಲಿ ಬರೋ ಚಿಕನ್‌ಗೂ ಒಂದು ಕುತ್ತಿಗೆ ಇತ್ತು ಅಲ್ವಾ.

ಸಂತೆ ಚೀಲ:
ನಿಮ್ಮ ಮಗನಿಗೆ ಒಂಬತ್ತು ವರ್ಷ ಆಗಿದ್ದಾಗ ಮಂಚದಡಿ ಬಗ್ಗಿ ನೋಡಿದ್ದೀರಾ? ನಾನು ನೋಡಿದ್ದೇನೆ.

ಜೇನುಪೆಟ್ಟಿಗೆ:
ಹಿಂಡಿ ಬೇಡ, ಹುಲ್ಲು ಬೇಡ, ಕರೆಯೋದು ಬೇಡ, ಕೊಯ್ಯೋದೂ ಬೇಡ. ಎರಡು ಪೆಟ್ಟಿಗೆ ತುಡುವೆ ಜೇನು ಇಡಿ. ಕಾಫಿ ಹೂವಿನ ಕಾಲಕ್ಕೆ ಇದ್ದರೆ ತೋಟಕ್ಕೂ ಒಳ್ಳೆಯದು. ಭಾಗಮಂಡಲದ ಕಡೆ ತಲೆತಲಾಂತರದಿಂದ ಸಾಕುತ್ತಿದ್ದೇವೆ.

ಕಕ್ಕಡ ಮಳೆ:
ಮಳೆಗಾಲದಲ್ಲಿ ಏನು ಮಾಡ್ತೀರಿ ಅಂತಲೂ ಹೇಳಿ ಮಾರಾಯ್ರೆ.

ಜೇನುಪೆಟ್ಟಿಗೆ:
ಹೇಳುತ್ತೇನೆ. ಸಕ್ಕರೆ ಪಾಕ ಕೊಡಬೇಕು, ಇಲ್ಲದಿದ್ದರೆ ಪೆಟ್ಟಿಗೆ ಬಿಟ್ಟು ಹೋಗುತ್ತವೆ. ಸ್ಟ್ಯಾಂಡಿನ ಕಾಲಿಗೆ ನೀರಿನ ಬಟ್ಟಲು ಇಡದಿದ್ದರೆ ಇರುವೆ. ದುರ್ಬಲ ಕುಟುಂಬ ಆದರೆ ಮೇಣದ ಹುಳ. ತೊಂಬತ್ತರ ದಶಕದ ಶುರುವಿನಲ್ಲಿ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದಾಗ ದಕ್ಷಿಣ ಭಾರತದಲ್ಲೇ ತುಡುವೆ ಹೆಚ್ಚುಕಡಿಮೆ ಖಾಲಿ ಆಗಿತ್ತು. ನಮ್ಮಪ್ಪ ಖಾಲಿ ಪೆಟ್ಟಿಗೆಗಳನ್ನು ಅಟ್ಟದಲ್ಲಿ ಜೋಡಿಸಿಟ್ಟರು, ಒಂದನ್ನೂ ಸೌದೆಗೆ ಹಾಕಲು ಬಿಡಲಿಲ್ಲ. ಇವತ್ತು ನಾನು ಬಳಸುವುದು ಅದೇ ಪೆಟ್ಟಿಗೆ.

ಗೋಣಿಕೊಪ್ಪ ಸ್ಟ್ಯಾಂಡು:
ನನಗೆ ಈ "ಸರಳ ಬದುಕು" ಅನ್ನೋದೇ ಅರ್ಥ ಆಗಲ್ಲ. ಪೇಟೆಯಲ್ಲಿ ಒಂದು ಪ್ಯಾಕೆಟ್ ಹಾಲು ತಂದು ಕಾಯಿಸೋದು ಸರಳ. ಐದು ಗಂಟೆಗೆ ಎದ್ದು ಗೊಬ್ಬರ ಬಾಚೋದು ಹೇಗೆ ಸರಳ?

ಲೈನ್ ಮನೆ ಹುಡುಗ:
ಸಿದ್ದಾಪುರ ಕಡೆ ತೋಟದ ಕಾರ್ಮಿಕರ ಲೈನ್ ಮನೆಯಲ್ಲಿ ಬೆಳೆದವ ನಾನು. ಎರಡು ಎಕರೆ ಅಲ್ಲ, ಎರಡು ಸೆಂಟು ಜಾಗವೂ ನಮ್ಮದಲ್ಲ. ದನ ಕಟ್ಟೋಕೆ ಬಿಡುತ್ತಿರಲಿಲ್ಲ, ಕೋಳಿಗೆ ಯಾರೂ ಏನೂ ಹೇಳುತ್ತಿರಲಿಲ್ಲ. ಹಾಗಾಗಿ ಕೋಳಿ.

ಅಮ್ಮ ಸಾಯಂಕಾಲ ತೋಟದ ಕೆಲಸ ಮುಗಿಸಿ ಬರುವಾಗ ಒಂದು ಒಡೆದ ಮಡಕೆಯಲ್ಲಿ ಸಗಣಿ, ಒದ್ದೆ ಗೋಣಿಚೂರು ತುಂಬಿ ಹುತ್ತದ ಹತ್ತಿರ ಬೋರಲು ಹಾಕುತ್ತಿದ್ದರು. ಬೆಳಿಗ್ಗೆ ಎತ್ತಿದರೆ ಒಳಗೆಲ್ಲ ಗೆದ್ದಲು. ಮರಿಗಳಿಗೆ ಅದೇ ತಿಂಡಿ. ಕಾವಿಗೆ ಕೂತ ಹೇಂಟೆಯ ಕೆಳಗೆ ಹನ್ನೆರಡು ಮೊಟ್ಟೆ. ಏಳನೇ ರಾತ್ರಿ ಟಾರ್ಚ್ ನನ್ನ ಕೈಗೆ ಕೊಡುತ್ತಿದ್ದರು. ಒಂದೊಂದೇ ಮೊಟ್ಟೆ ಬೆಳಕಿನ ಮೇಲೆ ಇಟ್ಟು ನೋಡೋದು. ಒಳಗೆ ಕೆಂಪು ಎಳೆ ಜೇಡನ ಹಾಗೆ ಹರಡಿದ್ದರೆ ವಾಪಸ್ ಹೇಂಟೆ ಕೆಳಗೆ. ಏನೂ ಇಲ್ಲದೆ ಹಳದಿಯಾಗಿ ಹೊಳೆದರೆ ತೆಗೆದುಬಿಡೋದು. ಇಪ್ಪತ್ತೊಂದನೇ ದಿನ ಕಿವಿ ಇಟ್ಟರೆ ಒಳಗಿಂದ ಟಿಕ್ ಟಿಕ್.

ಸರಳವೋ ಕಷ್ಟವೋ ಅಂತ ನಾವು ಯಾವತ್ತೂ ಕೇಳಿಕೊಂಡಿಲ್ಲ ಅಣ್ಣ. ಶುಕ್ರವಾರ ಸಂತೆಗೆ ಹುಂಜ ಇತ್ತಾ ಇಲ್ವಾ, ಅಷ್ಟೇ.

ಗೋಣಿಕೊಪ್ಪ ಸ್ಟ್ಯಾಂಡು:
ಸರಿಯಪ್ಪ, ಒಪ್ಪಿದೆ.

ನಾಪೋಕ್ಲು ಅಕ್ಕ:
ಎಲ್ಲ ಓದಿದೆ. ನನ್ನ ಪ್ರಶ್ನೆ ಹಾಗೇ ಇದೆ. ತಮ್ಮಾ, ಅಮ್ಮನನ್ನು ಕೇಳಿದೆಯಾ?

ವಾಪಸ್ ಬಂದವ:
ಕೇಳಿರಲಿಲ್ಲ ಅಕ್ಕ. ನಿನ್ನೆ ರಾತ್ರಿ ಕೇಳಿದೆ. ಅಮ್ಮ ಹಸು ಅಂದರೆ ಖುಷಿಪಡುತ್ತಾರೆ ಅಂತಲೇ ಅಂದುಕೊಂಡಿದ್ದೆ. ನಾನು ಚಿಕ್ಕವನಿದ್ದಾಗ ನಮ್ಮಲ್ಲಿ ಮೂರು ಇತ್ತು.

ಒಲೆ ಮುಂದೆ ಕೂತಿದ್ದರು, ತಿರುಗಿ ಕೂಡ ನೋಡಲಿಲ್ಲ. "ನಿನ್ನಪ್ಪ ದನ ತಂದರು. ಇಪ್ಪತ್ತೇಳು ವರ್ಷ ಕರೆದದ್ದು ನಾನು. ನೀನು ದನ ತಂದ ದಿನ ನಾನು ಪೊನ್ನಂಪೇಟೆ ತಂಗಿ ಮನೆಗೆ ಹೋಗ್ತೇನೆ" ಅಂದರು. ಆಮೇಲೆ ಕೈ ತೋರಿಸಿದರು. ಬಲಗೈ ಹೆಬ್ಬೆರಳ ಗಿಣ್ಣು ಊದಿಕೊಂಡು ಒಂದು ಕಡೆಗೆ ವಾಲಿದೆ. ನಾನು ಇಷ್ಟು ವರ್ಷ ಅದು ವಯಸ್ಸಿಗೆ ಆದದ್ದು ಅಂದುಕೊಂಡಿದ್ದೆ.

ಸ್ವಲ್ಪ ಹೊತ್ತು ಬಿಟ್ಟು ಅವರೇ ಹೇಳಿದರು, ಹತ್ತು ನಾಟಿ ಕೋಳಿ ಆದರೆ ಇರಲಿ, ಸಾಯಂಕಾಲ ಬಾಗಿಲು ಹಾಕೋದು ನೀನು.

ನಾಪೋಕ್ಲು ಅಕ್ಕ:
ನಿಮ್ಮಮ್ಮನಿಗೆ ನನ್ನ ನಮಸ್ಕಾರ ಹೇಳು.

ಕುಶಾಲನಗರ ಬಿಸಿಲು:
ನಾಟಿ ಯಾಕೆ, ಗಿರಿರಾಜ ತಳಿ ತಗೊಳ್ಳಿ. ವರ್ಷಕ್ಕೆ 130-150 ಮೊಟ್ಟೆ. ನಾಟಿ ಅದರ ಅರ್ಧವೂ ಇಡಲ್ಲ.

ಲೈನ್ ಮನೆ ಹುಡುಗ:
ಗಿರಿರಾಜ ಮೊಟ್ಟೆ ಇಡುತ್ತೆ, ಕಾವಿಗೆ ಕೂರಲ್ಲ. ಮರಿ ಬೇಕು ಅಂದರೆ ಪ್ರತಿ ಸಲ ದುಡ್ಡು ಕೊಟ್ಟು ತರಬೇಕು. ಮೈ ಭಾರ, ಗಿಡುಗ ಬಂದರೆ ಮರ ಹತ್ತೋಕೆ ಕಷ್ಟ. ಎರಡು ಗಿರಿರಾಜ ಮೊಟ್ಟೆಗೆ, ಎಂಟು ನಾಟಿ ಸಂಸಾರಕ್ಕೆ. ನಾಟಿ ಹೇಂಟೆ ಕೆಳಗೆ ಗಿರಿರಾಜನ ಮೊಟ್ಟೆ ಇಟ್ಟರೂ ಮರಿ ಮಾಡುತ್ತೆ, ಅದಕ್ಕೆ ಜಾತಿಭೇದ ಇಲ್ಲ.

ಹಳೇ ಡಾಕ್ಟ್ರು:
ಕೊಕ್ಕರೆ ರೋಗದ ಲಸಿಕೆ ಮರೆಯಬೇಡಿ. ಮರಿಗೆ ಐದರಿಂದ ಏಳನೇ ದಿನದೊಳಗೆ ಕಣ್ಣಿಗೆ ಒಂದು ಹನಿ, ಎಂಟು ವಾರ ದಾಟಿದ ಮೇಲೆ ರೆಕ್ಕೆಗೆ ಚುಚ್ಚುಮದ್ದು. ಐಸ್ ಹಾಕಿದ ಫ್ಲಾಸ್ಕಿನಲ್ಲಿ ತನ್ನಿ. ಜೇಬಿನಲ್ಲಿಟ್ಟು ಬಸ್ಸಿನಲ್ಲಿ ತಂದರೆ ನೀರು ಹಾಕಿದ ಹಾಗೆ. ಒಂದು ಬಾಟಲಿ ನೂರು ಮರಿಗೆ ಬರುತ್ತದೆ, ಅಕ್ಕಪಕ್ಕದ ಮನೆಯವರನ್ನೂ ಸೇರಿಸಿಕೊಳ್ಳಿ. ಹತ್ತು ಕೋಳಿಗೆ ರಾತ್ರಿ ಇಪ್ಪತ್ತು ಚದರ ಅಡಿ ಸಾಕು. ಕೂರಲು ಅಡ್ಡಕೋಲು, ಮೂಲೆಯಲ್ಲಿ ಒಣ ಬೂದಿ ಇಡಿ, ಹೇನು ಹತ್ತುವುದಿಲ್ಲ.

ಕಕ್ಕಡ ಮಳೆ:
ಹೊಸದಾಗಿ ನೆಟ್ಟ ಕಾಫಿ ಸಸಿ, ಮೆಣಸು ಇದ್ದರೆ ಬುಡಕ್ಕೆ ಬಲೆ ಸುತ್ತಿ. ಕೋಳಿ ತರಗೆಲೆ ಎಲ್ಲ ಕೆದರಿ ಬೇರು ಹೊರಗೆ ಹಾಕುತ್ತೆ. ಕುಸಿದ ಕಡೆ ಹೆಂಚು ಮಳೆಗೆ ಮೊದಲು ಹಾಕಿಸಿ, ಮೇ ತಿಂಗಳಲ್ಲಿ ಹೆಂಚಿನ ಕೆಲಸದವರು ಫೋನೇ ಎತ್ತಲ್ಲ.

ವಾಪಸ್ ಬಂದವ:
ಹೆಂಚು ಮುಂದಿನ ವಾರ. ಬುಧವಾರ ವಿರಾಜಪೇಟೆ ಸಂತೆಗೆ ಅಮ್ಮನೂ ಬರುತ್ತಾರಂತೆ, ಕೋಳಿ ಅವರೇ ಆರಿಸುತ್ತಾರಂತೆ. ಮಗಳು ಆಗಲೇ ಹತ್ತು ಹೆಸರು ಬರೆದಿಟ್ಟಿದ್ದಾಳೆ. ಹಂದಿ, ಆಡು ಕೈಲ್‌ಪೊಳ್ದ್ ಆದ ಮೇಲೆ ನೋಡೋಣ. ಜೇನಿನವರೇ, ನಿಮಗೆ ಬೇರೆ ಮೆಸೇಜ್ ಹಾಕುತ್ತೇನೆ.

ಸಂತೆ ಚೀಲ:
ನಾನು ಮೊದಲೇ ಹೇಳಿದೆ. ಕೋಳಿ.

ಲೈನ್ ಮನೆ ಹುಡುಗ:
ಅಣ್ಣ, ಕೊಟ್ಟಿಗೆ ಬಾಗಿಲ ಕೆಳಗೆ ಎಷ್ಟು ಸಂದು ಇದೆ ನೋಡಿ. ಎರಡು ಬೆರಳು ಹೋದರೆ ಮುಂಗುಸಿ ಮರಿ ಹೋಗುತ್ತೆ. ಹೋದರೆ ಒಂದೇ ಕೋಳಿ ತಿಂದು ಬಿಡಲ್ಲ, ಹತ್ತನ್ನೂ ಕಚ್ಚಿ ಹಾಕುತ್ತೆ.

ವಾಪಸ್ ಬಂದವ:
ಈಗ ಟಾರ್ಚ್ ಹಿಡಿದು ನೋಡಿ ಬಂದೆ. ನಾಲ್ಕು ಬೆರಳು.